ಮುಳ್ಳು ತೋರಿಸಿದ ಉತ್ತರ

ತಿಪ್ಪವ್ವಾ, ಆ ಆಯಸ್ಕಾಂತವನ್ನು ನೀನು ಕದ್ದಿರಲಿಲ್ಲ. ಅದು ನನ್ನ ಮನೆಯಲ್ಲಿತ್ತು. ದಿಕ್ಸೂಚಿಯ ಮುಳ್ಳು ನಿನ್ನ ಕಡೆಗೇ ಯಾಕೆ ತಿರುಗಿತು ಎಂಬುದೂ ನನಗೆ ಗೊತ್ತಿತ್ತು — ಇಡೀ ತರಗತಿಯಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ನಿಂತೆ.

ಇಷ್ಟು ಬರೆಯಲು ಹತ್ತು ವರ್ಷಕ್ಕೂ ಮಿಕ್ಕಿ ಬೇಕಾಯಿತು ನೋಡು. ಹೋಂವರ್ಕ್ ಮಾಡದೆ ಬಂದ ಮಕ್ಕಳನ್ನು ಬಾಗಿಲ ಹೊರಗೆ ನಿಲ್ಲಿಸಿ, ಊರೆಲ್ಲ ಕೇಳುವ ಹಾಗೆ ಬೈಯುತ್ತಿದ್ದ ಬಾಯಿಬಡುಕಿ ಅಕ್ಕಾರು ನಾನು. ನನ್ನ ಪಾಲಿನದನ್ನು ಮಾತ್ರ — ಇರಲಿ. ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದು ಅರ್ಧ, ಆ ಅರ್ಧವೂ ಸುಳ್ಳು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮನೋಳಿಯ ಆಚೆ, ಮಲಪ್ರಭೆಯ ದಂಡೆಯ ನಿಮ್ಮೂರಿಗೆ ನಾನು ವರ್ಗವಾಗಿ ಬಂದು ಒಂದು ವರ್ಷವಾಗಿತ್ತು. ನನ್ನದು ರಾಮದುರ್ಗ. ಅಪ್ಪ ಅವ್ವ ಇಬ್ಬರೂ ತೀರಿಕೊಂಡಿದ್ದರು. ಅಣ್ಣನ ಮನೆಯಲ್ಲಿ ನನ್ನ ಟ್ರಂಕಿಗೂ ಜಾಗವಿರಲಿಲ್ಲ. ಮೂವತ್ತು ದಾಟಿದರೂ ಲಗ್ನವಾಗದ ಹೆಣ್ಣುಮಗಳು ಒಬ್ಬಳೇ ಬಾಡಿಗೆ ಮನೆ ಮಾಡಿಕೊಂಡಿದ್ದಾಳೆಂದರೆ ಊರ ಮಂದಿಗೆ ಅವಳ ಸಂಗಡ ಏನು ಮಾತಾಡಬೇಕೋ ತಿಳಿಯುವುದಿಲ್ಲ. "ಚಾ ಆತೇನ್ರಿ ಅಕ್ಕಾರ?" ಎಂದು ಕೇಳುತ್ತಿದ್ದರು, ನಾನು ಬಾಯಿ ತೆರೆಯುವುದರೊಳಗೆ ಮುಂದೆ ಹೋಗಿಬಿಡುತ್ತಿದ್ದರು. ಶಾಲೆ ಬಿಟ್ಟಾಗಿನಿಂದ ಮರುದಿನದ ಪ್ರಾರ್ಥನೆಯವರೆಗೆ ಒಂದು ಮಾತನ್ನೂ ಆಡದ ದಿನಗಳಿದ್ದವು. ಒಮ್ಮೊಮ್ಮೆ ಒಲೆಯ ಮೇಲಿನ ಹಾಲಿಗೆ "ತಡಿ, ಉಕ್ಕಬ್ಯಾಡ" ಎಂದುಬಿಟ್ಟು ನನ್ನ ದನಿಗೆ ನಾನೇ ಬೆಚ್ಚುತ್ತಿದ್ದೆ.

ನೆಪ ಹೇಳುತ್ತಿದ್ದೇನೆ ಅಂದುಕೊಳ್ಳಬೇಡ. ಮುಂದೆ ನಾನು ಎಂಥದಕ್ಕೆ ಮಾರಿಹೋದೆ ಎಂದು ನಿನಗೆ ತಿಳಿಯಬೇಕಲ್ಲ, ಅದಕ್ಕೆ ಹೇಳಿದೆ.

ಆ ವರ್ಷ ಶಾಲೆಗೆ ವಿಜ್ಞಾನದ ಪೆಟ್ಟಿಗೆ ಬಂತು. ಹೆಡ್‌ಮಾಸ್ತರು ಅದಕ್ಕೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಕಪಾಟಿನಲ್ಲಿಟ್ಟು ಕೀಲಿ ಜಡಿದರು. ನಾನು ಬಿಡುತ್ತೇನೆಯೇ? "ಪೂಜಾ ಮಾಡಾಕ ಕೊಟ್ಟಿಲ್ರಿ ಸರ, ಪಾಠ ಮಾಡಾಕ ಕೊಟ್ಟಾರ" ಎಂದು ಜಗಳ ತೆಗೆದು ಕೀಲಿಕೈ ಇಸಿದುಕೊಂಡೆ. ಒಳಗೆ ಎರಡು ಪಟ್ಟಿ ಆಯಸ್ಕಾಂತ, ಕೆಂಪು ಬಣ್ಣ ಬಳಿದ ಲಾಳದ ಆಕಾರದ ಒಂದು ಆಯಸ್ಕಾಂತ, ಗಾಜಿನ ಮುಚ್ಚಳದ ಪುಟ್ಟ ದಿಕ್ಸೂಚಿ. ಮರುದಿನವೇ ಆರನೆಯ ತರಗತಿಯ ನಿಮ್ಮನ್ನೆಲ್ಲ ಸುತ್ತ ಕೂರಿಸಿಕೊಂಡೆ.

ಪುಸ್ತಕದಲ್ಲಿದ್ದ ಸಾಲು ನಿನಗೆ ನೆನಪಿದೆಯೋ ಇಲ್ಲವೋ: ಸಜಾತೀಯ ಧ್ರುವಗಳು ವಿಕರ್ಷಿಸುತ್ತವೆ, ವಿಜಾತೀಯ ಧ್ರುವಗಳು ಆಕರ್ಷಿಸುತ್ತವೆ. ಅದನ್ನು ಓದಿದ್ದೇ ತಡ, ಹಿಂದಿನ ಸಾಲಿನಿಂದ ನೀನು ಎದ್ದು ನಿಂತೆ. ಊರ ಹೊರಗಿನ ಕೇರಿಯಿಂದ ಬರುತ್ತಿದ್ದ ನಿನ್ನನ್ನು ಯಾರೂ ಮುಂದೆ ಕೂರಿಸುತ್ತಿರಲಿಲ್ಲ, ನಾನೂ ಕೂರಿಸಿರಲಿಲ್ಲ.

"ಅಕ್ಕಾರ, ಆಯಸ್ಕಾಂತಕ್ಕೂ ಜಾತಿ ಐತೇನ್ರಿ?"

ಎಲ್ಲರೂ ಹೋ ಎಂದು ನಕ್ಕರು. "ಐತಿ, ಆದ್ರ ನಮ್ಮಂಗಲ್ಲ," ಎಂದೆ. "ಒಂದ ಜಾತಿಯವು ಒಂದನ್ನೊಂದು ದೂಡತಾವ. ಬ್ಯಾರೆ ಜಾತಿಯವು ಓಡಿ ಬಂದು ಅಪ್ಪಿಕೊಳ್ತಾವ."

"ಹಂಗಂದ್ರ ಅವು ನಮಗಿಂತ ಶಾಣ್ಯಾ ಅದಾವ ಬಿಡ್ರಿ," ಎಂದು ನೀನು ಕೂತುಬಿಟ್ಟೆ. ಎಷ್ಟು ಜಾಣೆಯಾಗಿದ್ದೆ ನೀನು! ಹತ್ತು ವರ್ಷದಲ್ಲಿ ಎಷ್ಟೋ ಮಕ್ಕಳಿಗೆ ಕಲಿಸಿದ್ದೇನೆ, ಅಂಥ ಮಾತು ಇನ್ನೊಬ್ಬರ ಬಾಯಲ್ಲಿ ಕೇಳಿಲ್ಲ.

ಆಮೇಲೆ ಹೊಲಿಗೆಯ ಸೂಜಿಯನ್ನು ಆಯಸ್ಕಾಂತಕ್ಕೆ ಒಂದೇ ದಿಕ್ಕಿನಲ್ಲಿ ತಿಕ್ಕಿ, ಎಲೆಯ ಮೇಲಿಟ್ಟು, ಹಿತ್ತಾಳೆ ಪರಾತದ ನೀರಿನಲ್ಲಿ ತೇಲಿಬಿಟ್ಟೆ. ಎಲೆ ಮೆಲ್ಲಗೆ ಸುತ್ತಿ ನಿಂತಿತು. ಪಕ್ಕದಲ್ಲಿ ದಿಕ್ಸೂಚಿ ಇಟ್ಟು ತೋರಿಸಿದೆ — ಸೂಜಿಯೂ ಮುಳ್ಳೂ ಒಂದೇ ಕಡೆ. ಭೂಮಿಯೇ ಒಂದು ದೊಡ್ಡ ಆಯಸ್ಕಾಂತ ಎಂದೆ. ಉತ್ಸಾಹದಲ್ಲಿ ಇನ್ನೂ ಒಂದು ಮಾತು ಸೇರಿಸಿದೆ.

"ಎಷ್ಟ ತಿರಗಿಸಿದ್ರೂ ಇದು ಉತ್ತರನ ತೋರಸ್ತೈತಿ. ಯಾರ ಕೈಯಾಗ ಕೊಟ್ರೂ ಅಷ್ಟ. ಮುಳ್ಳು ಸುಳ್ಳು ಹೇಳೂದಿಲ್ಲ."

ಉತ್ತರ! ನಿಮ್ಮೂರಲ್ಲಿ ಉತ್ತರ ದಕ್ಷಿಣ ಅಂತ ಯಾರು ಅನ್ನುತ್ತಿದ್ದರು? ಹೊಳೆ ಕಡೆ, ಗುಡ್ಡದ ಕಡೆ, ಬಸ್ಸಿನ ಹಾದಿ ಕಡೆ — ಅಷ್ಟೇ ದಿಕ್ಕುಗಳು. ಉತ್ತರ ಎಂದರೆ ನಿಮಗೆ ಗೊತ್ತಿದ್ದದ್ದು ಒಂದೇ, ಪ್ರಶ್ನೆ ಕೇಳಿದರೆ ಹೇಳಬೇಕಾದ ಜವಾಬು. ಸಾಲಿನಲ್ಲಿದ್ದ ಒಬ್ಬ ಹುಡುಗ ದಿಕ್ಸೂಚಿಗೆ ಕೈಮುಗಿದು, "ನಮ್ಮ ಆಕಳ ಹೆಣ್ಗರ ಹಾಕತೈತೋ ಹೋರಿಗರ ಹಾಕತೈತೋ?" ಎಂದು ಕೇಳಿದಾಗ ನನಗೆ ಅರ್ಥವಾಯಿತು. ಹೊಟ್ಟೆ ಹಿಡಿದುಕೊಂಡು ನಕ್ಕೆ. ತಿದ್ದಬೇಕಾದದ್ದು ಅಲ್ಲಿಯೇ. ತಿದ್ದಲಿಲ್ಲ. "ಅದು ಹೇಳತೈತಿ, ನಿನಗ ತಿಳೀಬೇಕಷ್ಟ" ಎಂದು ಕಾಡಿಸಿದೆ. ಎಲ್ಲರೂ ಕಣ್ಣರಳಿಸಿ ನನ್ನನ್ನು ನೋಡಿದರು. ಯಾರಾದರೂ ಹಾಗೆ ನನ್ನನ್ನು ನೋಡಿ ಎಷ್ಟು ಕಾಲವಾಗಿತ್ತೋ.

ಆಗಲೇ ನೀನು ಮುಂದೆ ಬಾಗಿ ಕೈ ಊರಿದೆ. ಮುಳ್ಳು ನಡುಗಿ ನಿನ್ನ ಕಡೆ ಹೊರಳಿತು.

ನಿನ್ನ ಬಲಗೈಯ ಕಬ್ಬಿಣದ ಕಡಗ. ನಿನಗಿಂತ ಮೊದಲು ಹುಟ್ಟಿದ ಕೂಸುಗಳು ಉಳಿದಿರಲಿಲ್ಲ. ಸಾವಿಗೆ ಬೇಡವಾಗಲಿ ಎಂದು ನಿನ್ನವ್ವ ನಿನಗೆ ತಿಪ್ಪೆಯ ಹೆಸರಿಟ್ಟು, ಕಮ್ಮಾರನಿಂದ ಕಬ್ಬಿಣದ ಕಡಗ ಬಡಿಸಿ ತೊಡಿಸಿದ್ದಳು. ನೀನು ಬೆಳೆದ ಹಾಗೆ ಅದನ್ನೂ ಅಗಲ ಮಾಡಿಸುತ್ತ ಬಂದಿದ್ದಳು. ಕಬ್ಬಿಣ ಹತ್ತಿರ ಬಂದರೆ ದಿಕ್ಸೂಚಿ ಉತ್ತರ ಬಿಟ್ಟು ಅದರ ಕಡೆ ತಿರುಗುತ್ತದೆ, ಇದು ಆ ಪಾಠದ ಇನ್ನರ್ಧ. ಸುತ್ತ ಅಷ್ಟೊಂದು ತಲೆಗಳು ಮುತ್ತಿದ್ದರಿಂದ ಅದು ಯಾರಿಂದ ಅಲುಗಿತು ಎಂದು ಉಳಿದವರಿಗೆ ತಿಳಿಯಲಿಲ್ಲ. ನಿನಗೂ ತಿಳಿಯಲಿಲ್ಲ.

"ಯಾಕ ನಡಗತೈತ್ರಿ ಅಕ್ಕಾರ?" ಎಂದು ನೀನೇ ಕೇಳಿದೆ.

"ನಾಳಿ ಹೇಳತೇನಿ ತಡಿ, ಅದು ಬ್ಯಾರೇ ಪಾಠ."

ಮರುದಿನ ಪೋಲಿಯೋ ಹನಿ ಹಾಕುವ ಕೆಲಸಕ್ಕೆ ನಮ್ಮನ್ನು ಕಳಿಸಿದರು. ಅದು ಮುಗಿಯುವಷ್ಟರಲ್ಲಿ ಪರೀಕ್ಷೆ ಬಂತು. ಆ ಪಾಠ ಹಾಗೆಯೇ ಉಳಿಯಿತು.

ಇನ್ನು ಆಯಸ್ಕಾಂತದ ಮಾತು. ಆ ಕೆಂಪು ಲಾಳವನ್ನು ಒಂದು ಶನಿವಾರ ನಾನೇ ಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ದೆ. ಪಾಠದ ತಯಾರಿಗೆ ಅಂತ ಹೇಳಬಹುದು, ಆದರೆ ಅಲ್ಲ. ಸಂಜೆ ಹೊತ್ತು ಹೋಗುತ್ತಿರಲಿಲ್ಲ. ಕಾಗದದ ಮೇಲೆ ಗುಂಡುಪಿನ್ನುಗಳನ್ನು ಸುರುವಿ, ಕೆಳಗೆ ಆಯಸ್ಕಾಂತ ಆಡಿಸಿದರೆ ಅವು ಎದ್ದು ನಿಂತು ಕುಣಿಯುತ್ತಿದ್ದವು. ಅವುಗಳನ್ನು ಬೈದೆ, ನಗಿಸಿದೆ, ಒಂದಕ್ಕೆ ಹೆಡ್‌ಮಾಸ್ತರರ ಹೆಸರಿಟ್ಟೆ. ಮೂವತ್ತು ದಾಟಿದವಳು! ಆಟ ಸಾಕಾದ ಮೇಲೆ ಅದನ್ನು ಟ್ರಂಕಿನ ಹಿಂಬದಿಗೆ, ಗೋಡೆಯ ಕಡೆ ಅಂಟಿಸಿಟ್ಟೆ. ಮರುದಿನವೇ ಅಣ್ಣನ ಮಗನ ಜವಳಕ್ಕೆ ರಾಮದುರ್ಗಕ್ಕೆ ಹೋದೆ. ಅಲ್ಲಿ ಅತ್ತಿಗೆ ಆಡಿದ ಒಂದು ಮಾತು ತಲೆಯಲ್ಲಿ ತುಂಬಿಕೊಂಡು ಬಂದಿತ್ತು, ಆಯಸ್ಕಾಂತ ಮರೆತೇಹೋಯಿತು.

ಶಿಕ್ಷಣ ಇಲಾಖೆಯ ಸಾಹೇಬರು ಶಾಲೆ ನೋಡಲು ಬರುತ್ತಾರೆಂದು ಸುದ್ದಿ ಬಂದಾಗ ಹೆಡ್‌ಮಾಸ್ತರು ಪೆಟ್ಟಿಗೆ ತೆಗೆದರು. ಲಾಳ ಇಲ್ಲ. ಕೀಲಿಕೈ ಇರುತ್ತಿದ್ದದ್ದು ನನ್ನ ಹತ್ತಿರ. "ಹುಡುಗ್ರು ಆಡಾಕ ಒಯ್ದಿರಬೇಕ್ರಿ" ಎಂದೆ. ಆ ಕ್ಷಣಕ್ಕೆ ಅದು ಸುಳ್ಳಲ್ಲ — ನಿಜವಾಗಿ ನೆನಪಿರಲಿಲ್ಲ. ಅಷ್ಟು ಮಾತ್ರ ನನ್ನ ಪರವಾಗಿ ಬರೆದುಕೋ, ಮುಂದಿನದು ಯಾವುದೂ ನನ್ನ ಪರವಾಗಿಲ್ಲ.

ಹೆಡ್‌ಮಾಸ್ತರು ತರಗತಿಗೆ ಬಂದು ಗದರಿಸಿದರು. ಆಗ ಆಕಳಿನ ಹುಡುಗ, "ಅಕ್ಕಾರ, ಮುಳ್ಳಿಗೇ ಕೇಳ್ರಿ! ಉತ್ತರ ಹೇಳತೈತಿ!" ಎಂದ. ಎಲ್ಲರೂ ಕೂಗಿದರು. ಹೆಡ್‌ಮಾಸ್ತರು ಬಾಗಿಲಿಗೆ ಒರಗಿ ನಕ್ಕು, "ಕೇಳ್ರೆಲಾ, ನೋಡೇಬಿಡೋಣು" ಎಂದರು. ಒಯ್ದವರು ಹೆದರಿ ತಾವೇ ಬಾಯಿ ಬಿಡುತ್ತಾರೆ ಎಂದುಕೊಂಡು ದಿಕ್ಸೂಚಿಯನ್ನು ಅಂಗೈ ಮೇಲಿಟ್ಟುಕೊಂಡೆ. ಒಬ್ಬೊಬ್ಬರೂ ಬಲಗೈ ಅದರ ಹತ್ತಿರ ಹಿಡಿಯಬೇಕು. ಮುಳ್ಳು ಅಲುಗಲಿಲ್ಲವೆಂದರೆ ಉಸಿರು ಬಿಟ್ಟು ಕೂರಬೇಕು. ಒಳ್ಳೇ ದೇವರ ಕೇಳಿಕೆಯಂತೆ ನಡೆಸಿದೆ, ನಾಚಿಕೆಯಿಲ್ಲದವಳು.

ನಿನ್ನ ಕಡಗ ಆಗ ನೆನಪಿರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನಿನ್ನ ಸಾಲಿಗೆ ಕಾಲಿಡುವಾಗಲೇ ನೆನಪಾಗಿತ್ತು. ನಿಲ್ಲಿಸಬಹುದಿತ್ತು, "ಸಾಕ್ರಿ ಈ ಹುಡುಗಾಟ" ಅನ್ನಬಹುದಿತ್ತು. ಆದರೆ ಅಷ್ಟೂ ಮಕ್ಕಳು ನನ್ನ ಅಂಗೈಯನ್ನೇ ನೋಡುತ್ತಿದ್ದರು, ಹೆಡ್‌ಮಾಸ್ತರೂ ನಗು ನಿಲ್ಲಿಸಿ ನೋಡುತ್ತಿದ್ದರು, ಮತ್ತು ನಾನು —

ನೀನು ಕೈ ಚಾಚಿದೆ. ಮುಳ್ಳು ಸರ್ರನೆ ನಿನ್ನ ಕಡೆ ತಿರುಗಿತು.

ನೀನು ಬೆಚ್ಚಿ ಕೈ ಎಳೆದುಕೊಂಡೆ. "ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡ್ನಂತ!" ಎಂದರು ಹೆಡ್‌ಮಾಸ್ತರು. ಮಕ್ಕಳು "ಉತ್ತರ ಸಿಕ್ತು! ಉತ್ತರ ಸಿಕ್ತು!" ಎಂದು ಕುಣಿದರು. ನೀನು ಅಳಲಿಲ್ಲ. ನನ್ನ ಮುಖ ನೋಡಿದೆ. ಈ ಅಕ್ಕಾರು ಈಗ ಏನೋ ಹೇಳುತ್ತಾರೆ ಎಂದು ಕಾದೆ. ನಾನು ದಿಕ್ಸೂಚಿಯ ಗಾಜನ್ನು ಸೆರಗಿನಿಂದ ಒರೆಸುತ್ತ ನಿಂತೆ.

ಗೌಡರ ಮಗನ ಕೈಯಲ್ಲಿ ಆ ಕಡಗ ಇದ್ದಿದ್ದರೆ? ಮುಳ್ಳು ಅತ್ತ ತಿರುಗಿದ್ದರೆ? ಕಬ್ಬಿಣದ ಪಾಠ ಆಗಲೇ ನನ್ನ ಬಾಯಿಗೆ ಬರುತ್ತಿತ್ತು, ತಿಪ್ಪವ್ವಾ. ಇದನ್ನೂ ಬರೆದುಬಿಡುತ್ತೇನೆ. ನೀನು ಕೇರಿಯವಳಾದ್ದರಿಂದ ಸುಮ್ಮನಿರುವುದು ನನಗೆ ಸುಲಭವಾಯಿತು.

ಅಂದು ಸಂಜೆ ಮನೆಗೆ ಹೋಗಿ, ಸೀರೆ ತೆಗೆಯಲು ಟ್ರಂಕನ್ನು ಎಳೆದೆ. ಗೋಡೆಗೆ ಏನೋ ತಗುಲಿ ಟಣ್ ಎಂದಿತು. ಹಿಂದೆ ಕೈ ಹಾಕಿದರೆ ಕೆಂಪು ಲಾಳ. ಎಷ್ಟು ಗಟ್ಟಿ ಅಂಟಿಕೊಂಡಿತ್ತೆಂದರೆ ಕಿತ್ತುಕೊಳ್ಳಬೇಕಾಯಿತು.

ಇಷ್ಟರವರೆಗೆ ತಪ್ಪಾಗಿತ್ತು ಅನ್ನು, ಮುಂದೆ ಮಾಡಿದ್ದು ಪಾಪ. ಮರುದಿನ ಎಲ್ಲರಿಗಿಂತ ಮೊದಲೇ ಶಾಲೆಗೆ ಹೋಗಿ ಅದನ್ನು ತರಗತಿಯ ಕಿಟಕಿಯ ಕಟ್ಟೆಯ ಮೇಲಿಟ್ಟೆ. ಸಿಕ್ಕರೆ ಸಾಕು, ಎಲ್ಲ ತಣ್ಣಗಾಗುತ್ತದೆ ಎಂದುಕೊಂಡೆ. ಆದದ್ದು ಬೇರೆ. "ಮುಳ್ಳಿಗೆ ಹೆದರಿ ತಂದಿಟ್ಟಾಳ ನೋಡ್ರಿ!" ಎಂದು ಹುಡುಗರು ಊರ ತುಂಬ ಸಾರಿಕೊಂಡು ಬಂದರು. ನಿನ್ನ ಮೇಲೆ ಇದ್ದದ್ದು ಅಲ್ಲಿಯವರೆಗೆ ಅನುಮಾನ. ಅದಕ್ಕೆ ಸಾಕ್ಷಿ ಒದಗಿಸಿದವಳು ನಾನು.

ಮಧ್ಯಾಹ್ನ ನಿನ್ನವ್ವ ಬಂದಳು. ಶಾಲೆಯ ಕಟ್ಟೆ ಹತ್ತದೆ ಅಂಗಳದಲ್ಲೇ ನಿಂತು ಕೈಮುಗಿದಳು.

"ಅಕ್ಕಾರ, ನನ್ನ ಮಗಳು ಹೊಟ್ಟಿಗಿಲ್ದ ಇದ್ದಾಳು, ಖರೆ ಮಂದೀದಕ್ಕ ಕೈ ಹಚ್ಚಾಕಿ ಅಲ್ರಿ. ನಿಮ್ಮ ಮುಳ್ಳು ಎಲ್ಲೋ ತಪ್ಪಿರಬೇಕ್ರಿ. ನೀವ ಒಂದ ಮಾತ ಹೇಳ್ರಿ, ಸಾಕು."

ಒಂದು ಮಾತು! ಕೇಳಿದ್ದು ಅಷ್ಟೇ. ಆಗ ನನಗೆ ಎಲ್ಲವೂ ಗೊತ್ತಿತ್ತು. ಕಡಗವೂ ಗೊತ್ತಿತ್ತು, ಟ್ರಂಕೂ ಗೊತ್ತಿತ್ತು. ಹಿಂದೆ ಹೆಡ್‌ಮಾಸ್ತರು ನಿಂತಿದ್ದರು.

"ಮುಳ್ಳು ಸುಳ್ಳು ಹೇಳೂದಿಲ್ಲವಾ," ಎಂದೆ.

ನೋಡು, ಎಂಥ ಚತುರೆ ನಾನು. ಮುಳ್ಳು ಸುಳ್ಳು ಹೇಳಿರಲಿಲ್ಲವಲ್ಲ! ಇಲ್ಲಿ ಕಬ್ಬಿಣವಿದೆ ಎಂದಿತ್ತು, ಅಷ್ಟೇ. ಖರೆ ಮಾತನ್ನೇ ಆಡಿ ಸುಳ್ಳು ಹೇಳಿದೆ. ನಿನ್ನವ್ವ ಸೆರಗು ಬಾಯಿಗೆ ಒತ್ತಿಕೊಂಡು ಹೋದಳು. ಮರುದಿನದಿಂದ ನೀನು ಶಾಲೆಗೆ ಬರಲಿಲ್ಲ. ಯಾವುದೋ ಸಂಬಂಧಿಕರ ಊರಿಗೆ ಕಳಿಸಿದರು ಎಂದು ಕೇಳಿದೆ. ವಿಚಾರಿಸಲು ಕೇರಿಗೆ ಹೋಗುವ ಧೈರ್ಯ ನನಗಾಗಲಿಲ್ಲ.

ನನಗೇನು ಸಿಕ್ಕಿತು ಗೊತ್ತೇ? ಮಂದಿ ಸಿಕ್ಕರು. ಎಮ್ಮೆ ತಪ್ಪಿಸಿಕೊಂಡವರು, ಕಿವಿಯೋಲೆ ಕಳೆದುಕೊಂಡವರು, ಬಿಸಿ ರೊಟ್ಟಿ, ಬೆಣ್ಣೆ, ಶೇಂಗಾ ಚಟ್ನಿ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದು, "ಒಂದ ಸಲ ಮುಳ್ಳ ನೋಡ್ರಿ ಅಕ್ಕಾರ" ಎಂದು ಕೂರುತ್ತಿದ್ದರು. ನಾನು ನೋಡಲಿಲ್ಲ, ಒಮ್ಮೆಯೂ ನೋಡಲಿಲ್ಲ. ಆದರೆ ಅದು ಬರೀ ದಿಕ್ಕು ತೋರಿಸುವ ಯಂತ್ರ ಎಂದೂ ಹೇಳಲಿಲ್ಲ. "ಅದು ಹಂಗ ಎಲ್ಲಾದಕ್ಕೂ ಹೇಳೂದಿಲ್ರಿ" ಎನ್ನುತ್ತಿದ್ದೆ. ಅವರು ಇನ್ನಷ್ಟು ಹೊತ್ತು ಕೂರುತ್ತಿದ್ದರು. ಚಹಾ ಕುಡಿಯುತ್ತಿದ್ದರು. ನನ್ನ ಮನೆಯಲ್ಲಿ ಮನುಷ್ಯರ ದನಿ ಕೇಳುತ್ತಿತ್ತು. ನಿನ್ನನ್ನು ಕೊಟ್ಟು ನಾನು ಕೊಂಡದ್ದು ಇದನ್ನು. ಕೆಲವು ತಿಂಗಳಾದ ಮೇಲೆ ಆ ರೊಟ್ಟಿ ಗಂಟಲಿಳಿಯದಾಯಿತು. ಬೈಲಹೊಂಗಲ ತಾಲೂಕಿಗೆ ವರ್ಗ ಕೇಳಿ, ದೊಡವಾಡದ ಹತ್ತಿರದ ಶಾಲೆಗೆ ಬಂದೆ. ಇಲ್ಲಿಯೂ ಒಬ್ಬಳೇ ಇದ್ದೇನೆ. ಪ್ರತಿ ವರ್ಷ ಆ ಪಾಠ ಬಂದಾಗ ಪುಸ್ತಕ ನೋಡಿ ಗಡಿಬಿಡಿಯಲ್ಲಿ ಓದಿ ಮುಗಿಸುತ್ತೇನೆ. ದಿಕ್ಸೂಚಿ ಹೊರಗೆ ತೆಗೆಯುವುದಿಲ್ಲ.

ಹೋದ ವಾರ ಯರಗಟ್ಟಿಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಯಾರೋ ಬಂದು ಕಾಲು ಮುಟ್ಟಿದರು.

"ಅಕ್ಕಾರ! ಗುರ್ತ ಸಿಗಲಿಲ್ಲೇನ್ರಿ? ನಾ ತಿಪ್ಪವ್ವರಿ."

ನಿನ್ನ ಸೆರಗು ಹಿಡಿದುಕೊಂಡು ಪುಟ್ಟ ಹುಡುಗಿ ನಿಂತಿತ್ತು. ಮಗಳು, ಬರುವ ಜೂನ್‌ಗೆ ಶಾಲೆಗೆ ಹಾಕುತ್ತೇನೆ ಎಂದೆ ನೀನು. ಅದರ ಬಲಗೈಯಲ್ಲಿ ಕಡಗ. "ನಂದ ರೀ ಅದು. ಕಮ್ಮಾರನ ಕಡೆ ಬಡಿಸಿ ಸಣ್ಣದ ಮಾಡಿಸೇನಿ," ಎಂದೆ. ಏನಾದರೂ ಮಾತಾಡಬೇಕಲ್ಲ ಎಂದು, ನೀನು ಆಗ ಶಾಲೆ ಬಿಡಬಾರದಿತ್ತವಾ ಎಂದುಬಿಟ್ಟೆ. ಹೇಗಾದರೂ ಬಂತೋ ಆ ಮಾತು ನನ್ನ ಬಾಯಲ್ಲಿ!

"ಅದನ್ನ ತಗೊಂಡಿದ್ನಲ್ರಿ, ಹೆಂಗ ಬರಲಿ?"

"ನೀ ತಗೊಂಡಿದ್ದೇನವಾ?"

"ನನಗ ನೆನಪಿಲ್ರಿ ಅಕ್ಕಾರ. ಖರೆ, ತಗೊಂಡಿರಬೇಕ್ರಿ. ಮುಳ್ಳು ಸುಳ್ಳು ಹೇಳೂದಿಲ್ಲಲ್ರಿ, ನೀವ ಹೇಳಿದ್ದಿರಿ." ನೀನು ನಾಚಿಕೊಂಡವಳಂತೆ ನಕ್ಕೆ. "ಈಗೂ ಕೆಲಸಕ್ಕ ಹೋದ ಮನ್ಯಾಗ ಏನರ ಕಳೀತಂದ್ರ, ಅವರು ಕೇಳೂದರಾಗ ನಾನ ನನ್ನ ಉಡಿ ಝಾಡಿಸಿ ನೋಡ್ಕೊಂತೇನ್ರಿ. ನನಗ ಗೊತ್ತಿಲ್ದಂಗ ಕೈ ಹೋಗಿರತೈತೇನೋ ಅಂತ."

ನೀನು ನನ್ನನ್ನು ಬೈಯುತ್ತಿರಬೇಕು, ಶಪಿಸುತ್ತಿರಬೇಕು ಎಂದು ಇಷ್ಟು ವರ್ಷ ಹೆದರಿದ್ದೆ. ಅದನ್ನು ತಾಳಿಕೊಳ್ಳುತ್ತಿದ್ದೆ. ಆದರೆ ನೀನು ನಿನ್ನ ಕೈಗಳನ್ನೇ ನಂಬುವುದನ್ನು ಬಿಟ್ಟಿದ್ದೆ. ನನ್ನ ಮಾತನ್ನು ಮಾತ್ರ ನಂಬಿಕೊಂಡಿದ್ದೆ.

ಆಗಲಾದರೂ ಹೇಳಿದೆನೇ? ಬಸ್ಸು ಬಂತು. ಹುಡುಗಿಯ ಕೈಗೆ ಒಂದು ಬಿಸ್ಕೀಟ್ ಪುಡಾ ತುರುಕಿ ಹತ್ತಿಬಿಟ್ಟೆ. ಕಿಟಕಿಯಿಂದ ನೋಡಿದರೆ ನೀನು ಇನ್ನೂ ಕೈಮುಗಿದುಕೊಂಡೇ ನಿಂತಿದ್ದೆ.

ಇನ್ನು ಇದು ಸಾಕು. ಇದೇ ಭಾನುವಾರ, ಬಸ್‌ಸ್ಟ್ಯಾಂಡಿನಲ್ಲಿ ನೀನು ಹೇಳಿದ ನಿನ್ನ ಈಗಿನ ಊರಿಗೆ ಬರುತ್ತೇನೆ. ಈ ಹಾಳೆಗಳನ್ನು ನಿನ್ನ ಮುಂದೆ ಕೂತು ನಾನೇ ಓದುತ್ತೇನೆ. ಆಮೇಲೆ ಮನೋಳಿಯ ಹಾದಿ ಹಿಡಿದು ನಿಮ್ಮ ಹಳೆಯ ಊರಿಗೂ ಹೋಗುತ್ತೇನೆ, ಅದೇ ಶಾಲೆಯ ಅಂಗಳದಲ್ಲಿ, ನಿನ್ನವ್ವ ನಿಂತಿದ್ದ ಕಡೆ ನಿಂತು ಹೇಳುತ್ತೇನೆ. ಊರು ಉಗುಳಿದರೆ ಉಗುಳಲಿ. ಕ್ಷಮಿಸು ಎಂದು ಕೇಳಲು ಬರುತ್ತಿಲ್ಲ. ಅದನ್ನು ಕೇಳುವ ಮುಖ ನನಗಿಲ್ಲ.

ಬರುವಾಗ ದಿಕ್ಸೂಚಿ ತರುತ್ತೇನೆ. ನಿನ್ನ ಮಗಳ ಅಂಗೈ ಮೇಲೆ ಇಡುತ್ತೇನೆ. ಹುಡುಗಿ ಕಡಗದ ಕೈ ಹತ್ತಿರ ತರುತ್ತಾಳೆ, ಮುಳ್ಳು ನಡುಗುತ್ತದೆ, ಯಾಕೆ ಎಂದು ಕೇಳುತ್ತಾಳೆ. ನೀನೂ ಕೇಳಿದ್ದೆ. ನಾಳೆ ಹೇಳುತ್ತೇನೆ ಎಂದು ನಾನಂದಿದ್ದೆ. ಈ ಸಲ ತಾಯಿ ಮಗಳಿಬ್ಬರಿಗೂ ಹೇಳಿಯೇ ಎದ್ದು ಬರುತ್ತೇನೆ.

ಭಾನುವಾರಕ್ಕೆ ಇನ್ನೂ ಕೆಲವು ದಿನ ಇವೆ; ಅಲ್ಲಿಯವರೆಗೆ ಇದು ನಿನ್ನ ಕಿವಿಗೆ ಬೀಳುವುದಿಲ್ಲ, ಆದರೂ ಬರೆಯುತ್ತೇನೆ. ಅಷ್ಟರಲ್ಲಿ ಯಾರ ಮನೆಯಲ್ಲಿ ಏನೇ ಕಳೆಯಲಿ, ತಿಪ್ಪವ್ವಾ, ನೀನು ನಿನ್ನ ಉಡಿ ನೋಡಿಕೊಳ್ಳಬೇಡ.